ತಪ್ಪು ಉತ್ತರಕ್ಕೂ ಒಂದು ಚೀಟಿ: ನಮ್ಮ ಶಾಲೆಯ ಗಣಿತ ಟ್ರೆಶರ್ ಹಂಟ್

ಮೂರನೇ ವರ್ಷಕ್ಕೆ ಸರಿಯಾಯಿತು. ಮೊದಲ ಎರಡು ವರ್ಷ ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನಾನು ಉಡುಪಿ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಡಿಸೆಂಬರ್ 22ರ ಗಣಿತ ದಿನಕ್ಕೆ ಶಾಲೆಗಳಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅವತ್ತು ರಾಮಾನುಜನ್ ಹುಟ್ಟಿದ ದಿನ. ಅವರ ಫೋಟೋಕ್ಕೆ ಹಾರ, ಎರಡು ಭಾಷಣ, ಅವರನ್ನು ನೋಡಲು ಹಾರ್ಡಿ ಬಂದ 1729 ನಂಬರಿನ ಟ್ಯಾಕ್ಸಿಯ ಕಥೆ. ಅದರ ಬದಲು ಟ್ರೆಶರ್ ಹಂಟ್, ಅಂದರೆ ಚೀಟಿಯ ಲೆಕ್ಕ ಬಿಡಿಸಿ ಉತ್ತರ ತೋರಿಸಿದ ಜಾಗದಲ್ಲಿ ಮುಂದಿನ ಚೀಟಿ ಹುಡುಕುವ ಆಟ, ಮಾಡಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರು ನಕ್ಕರು. "ಎಂತದು ಟೀಚರೇ, ಅದೆಲ್ಲ ಪ್ರೈಮರಿ ಮಕ್ಕಳಿಗೆ. ಹತ್ತನೆಯವರಿಗೆ ಪಾಸಿಂಗ್ ಪ್ಯಾಕೇಜ್ ಮಾಡಿಸಿ ಮಾರಾಯ್ರೆ." ಅಂದರೆ ಪಾಸಾಗಲು ಬೇಕಾದಷ್ಟು ಪ್ರಶ್ನೆಗಳನ್ನು ಮಾತ್ರ ಅಭ್ಯಾಸ ಮಾಡಿಸುವುದು.

ಮೊದಲ ವರ್ಷ ಕೈಯಿಂದ ಮೂರು ಸಾವಿರದ ಮೇಲೆ ಬಿಟ್ಟೆ. ಕಲರ್ ಪ್ರಿಂಟು, ಲ್ಯಾಮಿನೇಷನ್ನು, ಮೂರು ಟ್ರೋಫಿ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಲೆಕ್ಕ ಮಾಡುತ್ತಿದ್ದದ್ದು ಒಂದೇ ತಂಡ. ಉಳಿದ ಐದು ತಂಡಗಳು ಅವರ ಹಿಂದೆ ಓಡುತ್ತಿದ್ದವು. ಸಿಕ್ಕಿದ ಚೀಟಿಯನ್ನು ಬೇರೆಯವರಿಗೆ ಸಿಗಬಾರದು ಅಂತ ಕಿಸೆಗೆ ಹಾಕಿಕೊಂಡವರೂ ಇದ್ದರು. ಕೊನೆಯ ಪೆಟ್ಟಿಗೆಗೆ ಮೂರು ಅಂಕಿಯ ನಂಬರ್ ಲಾಕ್ ಹಾಕಿದ್ದೆ. ಎಂಟನೆಯ ಒಬ್ಬ ಹುಡುಗ ಯಾವ ಲೆಕ್ಕವನ್ನೂ ಮಾಡದೆ ಪೆಟ್ಟಿಗೆಯ ಹತ್ತಿರ ಕೂತು 000ದಿಂದ ತಿರುಗಿಸುತ್ತಾ ಹೋದ. ಇರುವುದೇ ಸಾವಿರ ಸಾಧ್ಯತೆ. ಕಾಲು ಗಂಟೆಯೊಳಗೆ ತೆಗೆದುಬಿಟ್ಟ. ಬೈಯಬೇಕೋ ಹೊಗಳಬೇಕೋ ಗೊತ್ತಾಗಲಿಲ್ಲ. ಟ್ರೋಫಿ ಅವನಿಗೇ ಕೊಟ್ಟೆ.

ಎರಡನೇ ವರ್ಷ ಡಿಸೆಂಬರಿನಲ್ಲಿ ಪ್ರವಾಸ, ವಾರ್ಷಿಕೋತ್ಸವ ಎಲ್ಲ ಇತ್ತು. ಆಗಸ್ಟಿನಲ್ಲೇ ಮುಗಿಸೋಣ ಅಂತ ಹೊರಟೆ. ನಮ್ಮೂರಿನ ಆಗಸ್ಟಿನಲ್ಲಿ! ಖರ್ಚು ಉಳಿಸಲು ಇಂಕ್ ಪೆನ್ನಿನಲ್ಲಿ ಬರೆದಿದ್ದೆ. ಒಂದು ಜೋರು ಮಳೆಗೆ ಎಲ್ಲ ಚೀಟಿಯೂ ನೀಲಿ ಗಂಜಿ. ಮಕ್ಕಳು ಬೇಜಾರಿಲ್ಲದೆ ಕಬಡ್ಡಿ ಆಡಿದರು. ಈಗ ಚೀಟಿಗೆ ಹಳೆ ಕ್ಯಾಲೆಂಡರಿನ ಹಿಂಬದಿ, ಬಾಲ್ ಪೆನ್ನು, ಮಳೆಗೆ ತೊಳೆದು ಒಣಗಿಸಿದ ಹಾಲಿನ ತೊಟ್ಟೆ, ಅಂದರೆ ಪ್ಯಾಕೆಟ್. ಖರ್ಚು ಸೊನ್ನೆ.

ಹಿಂದೆ ಓಡುವ ರೋಗಕ್ಕೆ ಮದ್ದು ಸುಲಭ. ಆರು ತಂಡ, ಆರು ನಿಲ್ದಾಣ, ಪ್ರತಿ ತಂಡಕ್ಕೂ ಬೇರೆ ಸರದಿ. ಇದು ಎಲ್ಲರಿಗೂ ಗೊತ್ತಿರುವುದೇ. ನನಗೆ ತಲೆಬಿಸಿ ಇದ್ದದ್ದು ಬೇರೆ. ತಪ್ಪು ಉತ್ತರ ಬಂದ ತಂಡ ಖಾಲಿ ಮರದ ಬುಡದಲ್ಲಿ ಹುಡುಕಿ ಹುಡುಕಿ, "ಟೀಚರ್, ಚೀಟಿ ಇಲ್ಲ" ಅಂತ ಬರುತ್ತಿತ್ತು. ಲೆಕ್ಕ ತಪ್ಪಿದೆ ಅಂತ ಅವರಿಗೆ ಅನ್ನಿಸುತ್ತಲೇ ಇರಲಿಲ್ಲ. ಚೀಟಿ ಯಾರೋ ಕದ್ದಿದ್ದಾರೆ ಅಂತಲೇ ವಾದ.

ಆಮೇಲೆ ಹೊಳೆಯಿತು. ತಪ್ಪು ಉತ್ತರದ ಜಾಗದಲ್ಲೂ ಚೀಟಿ ಇಡಬೇಕು. ಮಕ್ಕಳು ಸುಮ್ನೆ ಎಲ್ಲೆಲ್ಲೋ ತಪ್ಪುವುದಿಲ್ಲ, ವರ್ಷ ವರ್ಷ ಅದೇ ನಾಲ್ಕೈದು ಕಡೆ ತಪ್ಪುತ್ತಾರೆ. ಹಳೆ ಟೆಸ್ಟ್ ಪೇಪರುಗಳ ಕಟ್ಟು ಬಿಚ್ಚಿ ಎರಡು ಸಂಜೆ ಕೂತು ತಪ್ಪುಗಳನ್ನೇ ಪಟ್ಟಿ ಮಾಡಿದೆ. 5, 8, 11 ಶ್ರೇಢಿಯ 20ನೇ ಪದ ಕೇಳಿದರೆ 62 ಬರಬೇಕು. ಒಂದು ಕಳೆಯಲು ಮರೆತವರಿಗೆ 65. ಅಂಗಳದಲ್ಲಿ ಮೂವತ್ತು ಕಡೆ ಚಾಕ್‌ಪೀಸಿನಲ್ಲಿ ನಂಬರು ಬರೆದಿದ್ದೆ. 62 ಬಾವಿಕಟ್ಟೆಯಲ್ಲಿ, 65 ಸೈಕಲ್ ಸ್ಟ್ಯಾಂಡಿನಲ್ಲಿ. ಸೈಕಲ್ ಸ್ಟ್ಯಾಂಡಿನ ಚೀಟಿಯಲ್ಲಿ, "ಮೊದಲ ಪದಕ್ಕೆ ಯಾಕೆ ಮೂರು ಕೂಡಿಸಿದಿರಿ? ವಾಪಸ್ ಹೋಗಿ" ಅಂತ ಬರೆದಿತ್ತು. ಅದನ್ನು ಓದಿ ತಲೆಗೆ ಕೈ ಹೊಡೆದುಕೊಂಡು ವಾಪಸ್ ಓಡುವುದನ್ನು ನೋಡಬೇಕಿತ್ತು ನೀವು.

ಅತಿ ಹೆಚ್ಚು ನಗು ಬಂದದ್ದು ಪರ್ಯಾಯದ ಲೆಕ್ಕಕ್ಕೆ. ಪರ್ಯಾಯ ಅಂದರೆ ಉಡುಪಿ ಕೃಷ್ಣಮಠದ ಪೂಜೆಯ ಸರದಿ. ಎಂಟು ಮಠ, ಎರಡೆರಡು ವರ್ಷ. 2026ರಲ್ಲಿ ಶೀರೂರು. ಹಾಗಾದರೆ 2050ರಲ್ಲಿ ಯಾರದ್ದು? ಎಂಟು ಬಾಗಿಲಿಗೆ ಸರದಿಯಂತೆ ಎಂಟು ಮಠದ ಹೆಸರು ಅಂಟಿಸಿದ್ದೆ. ನಡುವೆ ಇರುವುದು 24 ವರ್ಷ. ಎಂಟರಿಂದ ಭಾಗಿಸಿದವರಿಗೆ ಶೇಷ ಸೊನ್ನೆ, ನೇರ ಶೀರೂರಿನ ಬಾಗಿಲಿಗೆ ಓಡಿದರು. ಒಂದು ಸುತ್ತಿಗೆ 16 ವರ್ಷ ಅಂತ ಹಿಡಿದವರಿಗೆ ಎಂಟು ಉಳಿಯಿತು, ಅಂದರೆ ಮುಂದಿನ ನಾಲ್ಕನೇ ಮಠ, ಪಲಿಮಾರು. ಆ ಮಠಗಳಿರುವ ರಥಬೀದಿ ಹತ್ತಿರದ ಮನೆಯ ಹುಡುಗಿ ಒಬ್ಬಳು ಭಾಗಿಸಲೇ ಇಲ್ಲ, ಬೆರಳು ಮಡಚುತ್ತಾ ಹೇಳಿಬಿಟ್ಟಳು.

ಗ್ರಾಫಿಗೆ ಇಡೀ ಅಂಗಳವನ್ನೇ ಬಳಸಿದೆ. ಧ್ವಜಕಟ್ಟೆ ಮೂಲಬಿಂದು. ಹೆಜ್ಜೆಯಲ್ಲಿ ಅಳೆಯಿರಿ ಅಂದದ್ದು ತಪ್ಪಾಯಿತು, ಎಂಟನೆಯವನ ಹೆಜ್ಜೆಗೂ ಹತ್ತನೆಯವನ ಹೆಜ್ಜೆಗೂ ಅಜಗಜಾಂತರ. ಕೊನೆಗೆ ಹುರಿಹಗ್ಗ ತಂದು ಮೀಟರಿಗೊಂದು ಗಂಟು ಹಾಕಿದೆ. ಹಗ್ಗಕ್ಕೆ ಇನ್ನೂರು ಚಿಲ್ಲರೆ ಆಯಿತು. ಎಕ್ಸ್, ವೈ ಅದಲುಬದಲು ಮಾಡುವವರು ಇದ್ದೇ ಇರುತ್ತಾರೆ ಅಲ್ವಾ? (3, 7)ರ ಬದಲು (7, 3)ಕ್ಕೆ ಹೋದವರಿಗೆ ಅಲ್ಲೊಂದು ಚೀಟಿ, ಜೊತೆಗೆ ಸಮಾಧಾನಕ್ಕೆ ಒಂದು ಕಡಲೆ ಚಿಕ್ಕಿ. ಚಿಕ್ಕಿಯ ಸುದ್ದಿ ಹಬ್ಬಿ ಎರಡು ತಂಡ ಬೇಕಂತಲೇ ತಪ್ಪು ಮಾಡಿದವು. ಮುಂದಿನ ಸಲ ಚಿಕ್ಕಿ ಇಲ್ಲ.

ತೆಂಗಿನ ಮರದ ನೆರಳಿನ ಲೆಕ್ಕ ಆಟದ ಹೊರಗಿನದ್ದು, ನನ್ನ ಹುಚ್ಚಿಗೆ. ಹತ್ತೂವರೆಗೆ ಮೀಟರ್ ಕೋಲಿನ ನೆರಳು 107 ಸೆಂಟಿಮೀಟರ್, ಮರದ್ದು ಹದಿನಾಲ್ಕೂವರೆ ಮೀಟರ್. ಮರ ಹದಿಮೂರೂವರೆ ಅಂತ ಬಂತು. ಒಂದು ಗಂಟೆ ತಡವಾಗಿ ಬಂದ ತಂಡ ಮರದ ನೆರಳನ್ನು ಮಾತ್ರ ಹೊಸದಾಗಿ ಅಳೆದು, ಕೋಲಿನದ್ದನ್ನು ಮೊದಲಿನವರ ಪುಸ್ತಕದಿಂದ ತೆಗೆದುಕೊಂಡಿತು. ಅವರ ಮರ ಹತ್ತೂವರೆ ಮೀಟರಿಗೆ ಇಳಿದಿತ್ತು! ಕಾಯಿ ಕೀಳಲು ಬಂದವರು ಮೇಲಿಂದ ಹಗ್ಗ ಬಿಟ್ಟು ಅಳೆದುಕೊಟ್ಟರು. ಹದಿಮೂರರ ಮೇಲೆ ಚೂರು.

ಕಟಪಯಾದಿಯನ್ನೂ ಒಮ್ಮೆ ಹಾಕಿದ್ದೆ. ಅದು ಅಕ್ಷರಗಳಿಗೆ ಅಂಕಿ ಕೊಟ್ಟು ಪದವನ್ನು ಸಂಖ್ಯೆಯಾಗಿ ಓದುವ ಹಳೆಯ ಪದ್ಧತಿ. ಜಯ ಅಂದರೆ ಜ ಎಂಟು, ಯ ಒಂದು, ತಿರುಗಿಸಿ ಓದಿದರೆ 18. ಗಣಿತದಲ್ಲಿ ಹಿಂದಿದ್ದು ಕನ್ನಡದಲ್ಲಿ ಮುಂದಿರುವ ಮಕ್ಕಳು ಇದರಲ್ಲಿ ಎಲ್ಲರನ್ನೂ ಸೋಲಿಸಿದರು. ಒತ್ತಕ್ಷರ ಬಂದಾಗ ಮಾತ್ರ ಜಗಳ. 1729 ಕೈಬಿಟ್ಟಿದ್ದೇನೆ, ಎಲ್ಲರಿಗೂ ಬಾಯಿಪಾಠ.

ಮೂರನೇ ವರ್ಷದ ಒಟ್ಟು ಖರ್ಚು ಏಳುನೂರರ ಆಸುಪಾಸು. ಟ್ರೋಫಿ ಇಲ್ಲ. ಕೊನೆಗೆ ಎಲ್ಲರಿಗೂ ಗೋಳಿಬಜೆ, ಚಟ್ನಿ. ಸುಮಾರು ಎರಡು ಗಂಟೆ ನಡೆಯಿತು, ಆರರಲ್ಲಿ ಐದು ತಂಡ ಪೂರ್ತಿ ಮುಗಿಸಿದವು. ನಂಬರ್ ಲಾಕಿನ ಸಮಸ್ಯೆಯನ್ನು ಹೇಗೆ ಸರಿಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಮಕ್ಕಳೂ ಇದನ್ನು ಓದುತ್ತಾರೆ, ಆ ಹುಡುಗ ಈಗ ಹತ್ತನೆಯಲ್ಲಿದ್ದಾನೆ.

ಪಾಸಿಂಗ್ ಪ್ಯಾಕೇಜ್ ಅಂದಿದ್ದ ಸರ್ ಈಗ ಬೇರೆ ಶಾಲೆಯಲ್ಲಿದ್ದಾರೆ. ಮೊನ್ನೆ ಫೋನ್ ಮಾಡಿ, "ಟೀಚರೇ, ಆ ಗಂಟಿನ ಹಗ್ಗ ಉಂಟಾ?" ಅಂತ ಕೇಳಿದರು. ಹಗ್ಗ ಕಳಿಸಿದ್ದೇನೆ. ತಪ್ಪುಗಳ ಪಟ್ಟಿಯನ್ನೂ ಕೇಳಿದರು. ಅದು ನಿಮ್ಮ ಮಕ್ಕಳ ಪೇಪರಿನಲ್ಲೇ ಉಂಟು ಅಂದೆ.