ದೊಡ್ಡ ಮಗಳ ಊರಿಂದ ಚಿಕ್ಕ ಮಗಳ ಪೇಟೆಗೆ

ಚಿಕ್ಕಮಗಳೂರಿಗೆ ಅಂತ ಹೊರಟವರು ಹೆಚ್ಚಿನ ಸಲ ಊರಲ್ಲಿ ನಿಲ್ಲುವುದೇ ಇಲ್ಲ. ತಿಂಡಿ ಮುಗಿಸಿ ಸೀದಾ ಮುಳ್ಳಯ್ಯನಗಿರಿ ಕಡೆ ಗಾಡಿ ತಿರುಗಿಸುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೆ. ಈ ಸಲ ಅಮ್ಮ ಜೊತೆಗಿದ್ದರು. ಅವರಿಗೆ ಮಂಡಿನೋವು, ಬೆಟ್ಟದ ಮೆಟ್ಟಿಲು ಆಗುವುದಿಲ್ಲ. ಸಮತಟ್ಟು ದಾರಿಯಾದರೆ ಅಲ್ಲಲ್ಲಿ ಕೂತು ಎದ್ದು ಎಷ್ಟು ಬೇಕಾದರೂ ನಡೆಯುತ್ತಾರೆ. ಹಾಗಾಗಿ ಇಡೀ ಒಂದು ದಿನ ಪೇಟೆಗೇ ಇಟ್ಟೆವು.

ಹಾಸನದಿಂದ ಬೇಲೂರು ಮೇಲೆ ಹೋಗುವ ಬೆಳಗಿನ ಬಸ್ಸು ಹಿಡಿದೆವು. ಕಾರು ಬೇಡ ಅಂತ ಹಟ ಮಾಡಿದ್ದು ನಾನೇ. ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ನಡೆಯುವವರಿಗೆ ಆ ತಲೆನೋವಿಲ್ಲ.

ಶುರು ಮಾಡಿದ್ದು ಹಿರೇಮಗಳೂರಿಂದ. ಹಿಂದೊಮ್ಮೆ ನಾನು ಅಂಗಡಿ ಬೀದಿ ಸುತ್ತಿ ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ದೇವಸ್ಥಾನದ ಬಾಗಿಲು ಹಾಕಿತ್ತು. ಈ ಸಲ ಬಸ್ಸಿಳಿದವರೇ ಆಟೋ ಹತ್ತಿದೆವು. ಸಖರಾಯಪಟ್ಟಣದ ರುಕ್ಮಾಂಗದ ರಾಜ ದೊಡ್ಡ ಮಗಳಿಗೆ ಕೊಟ್ಟ ಊರು ಹಿರೇಮಗಳೂರು, ಚಿಕ್ಕ ಮಗಳಿಗೆ ಕೊಟ್ಟಿದ್ದು ಚಿಕ್ಕಮಗಳೂರು ಅಂತ ಕತೆ. ಈಗ ಅಕ್ಕನ ಊರು ತಂಗಿಯ ಊರಿನೊಳಗೇ ಸೇರಿಹೋಗಿದೆ.

ಕೋದಂಡರಾಮನ ಗುಡಿಯಲ್ಲಿ ಪೂಜೆ ನಡೆಯುವುದು ಕನ್ನಡದಲ್ಲಿ. ಅಮ್ಮನಿಗೆ ಅದು ಗೊತ್ತಿತ್ತು, ಆದರೆ ಕಿವಿಯಾರೆ ಕೇಳಿದ್ದು ಅದೇ ಮೊದಲು. ಪ್ರತಿ ಸಾಲೂ ಅರ್ಥವಾಗುತ್ತಿತ್ತು. ಕೈ ಮುಗಿದವರು ಸುಮಾರು ಹೊತ್ತು ಕದಲಲಿಲ್ಲ. "ನೋಡೇ, ಸೀತಮ್ಮ ಬಲಗಡೆ ನಿಂತಿದ್ದಾಳೆ" ಅಂತ ಆಮೇಲೆ ಪಿಸುಗುಟ್ಟಿದರು. ಹೌದು, ಇಲ್ಲಿ ಸೀತೆ ರಾಮನ ಬಲಕ್ಕೆ, ಲಕ್ಷ್ಮಣ ಎಡಕ್ಕೆ. ಪರಶುರಾಮರಿಗೆ ಮದುವೆಯ ದಿನದ ರೂಪದಲ್ಲಿ ದರ್ಶನ ಕೊಟ್ಟಿದ್ದು ಹೀಗೆ ಅನ್ನುತ್ತಾರೆ. ಗರ್ಭಗುಡಿಯ ಭಾಗ ಹೊಯ್ಸಳರ ಶೈಲಿ, ಮುಂದಿನದು ದ್ರಾವಿಡ. ಊರಿನ ಈಶ್ವರ ದೇವಸ್ಥಾನದಲ್ಲಿ ಜಡೆಮುನಿಯ ವಿಗ್ರಹವಿದೆ, ಅದನ್ನೂ ಬಿಡಬೇಡಿ.

ಅಲ್ಲಿಂದ ಪೇಟೆಗೆ ನಿಧಾನವಾಗಿ ನಡೆದೆವು. ದೋಸೆಗೆ ಟೌನ್ ಕ್ಯಾಂಟೀನ್. ಹಸಿದುಕೊಂಡು ಹೋಗಿ, ಅಷ್ಟು ಸಾಕು.

ಆಮೇಲೆ ಹನುಮಂತಪ್ಪ ವೃತ್ತದಿಂದ ಎಂ.ಜಿ. ರಸ್ತೆ ಕಡೆ ಹೊರಟೆವು. ಕಾಫಿಪುಡಿ ಅಂಗಡಿ ಎಲ್ಲಿದೆ ಅಂತ ಕೇಳಬೇಕಾಗಿಲ್ಲ, ಮೂಗೇ ಕರೆದುಕೊಂಡು ಹೋಗುತ್ತದೆ. ನನ್ನ ದಿನದ ಮುಕ್ಕಾಲು ಖುಷಿ ಇಲ್ಲೇ ಇತ್ತು. ಪ್ಯಾಕೆಟ್ ಮಾಡಿಟ್ಟ ಪುಡಿ ಬೇಡ, ಎದುರಿಗೇ ಬೀಸಿಕೊಡಿ ಅಂದೆ.

"ಚಿಕೋರಿ ಎಷ್ಟು ಹಾಕ್ಲಮ್ಮಾ?" ಅಂಗಡಿಯವರು ಕೇಳಿದರು.

"ನಮ್ಮದು ಹಿತ್ತಾಳೆ ಫಿಲ್ಟರ್ ಕಣಪ್ಪಾ. ಹಾಲು ಜಾಸ್ತಿ ಹಾಕ್ತೀವಿ."

"ಹಾಗಾದ್ರೆ ಅರೇಬಿಕಾ ಜೊತೆ ಸ್ವಲ್ಪ ರೊಬಸ್ಟಾ ಸೇರಿಸ್ತೀನಿ. ಕಾಫಿ 80, ಚಿಕೋರಿ 20 ಮಾಡ್ಕೊಡ್ಲಾ?"

ಪರಿಮಳಕ್ಕೆ ಅರೇಬಿಕಾ, ಹಾಲು ಹಾಕಿದರೂ ರುಚಿ ತೆಳ್ಳಗಾಗದ ಹಾಗೆ ರೊಬಸ್ಟಾ, ಡಿಕಾಕ್ಷನ್ ಮಂದವಾಗಲು ಚಿಕೋರಿ ಬೇರಿನ ಪುಡಿ. ಒಂದು ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದರೆ ಅದು ಪೀಬೆರಿ. ಅಂಗೈ ಮೇಲೆ ಹಾಕಿ ತೋರಿಸಿದರು. ಬಿಸಿ ಪುಡಿಯ ಚೀಲದ ಬಾಯಿ ತಕ್ಷಣ ಕಟ್ಟಬೇಡಿ, ಆರಲಿ ಅಂತಲೂ ಹೇಳಿಕೊಟ್ಟರು. ನಾನು ಕಾಲು ಕೆಜಿಗಿಂತ ಜಾಸ್ತಿ ತರುವುದಿಲ್ಲ. ಇಟ್ಟಷ್ಟೂ ಪರಿಮಳ ಹೋಗುತ್ತದೆ. ಅಮ್ಮ ಮಾತ್ರ ಒಂದು ಕೆಜಿ ಕಟ್ಟಿಸಿದರು, ಅಕ್ಕಪಕ್ಕದ ಮನೆಯವರಿಗೂ ಅಂತ. ಕಾಳುಮೆಣಸು, ಏಲಕ್ಕಿಯನ್ನು ಇನ್ನೊಂದು ಅಂಗಡಿಯಲ್ಲಿ ತೆಗೆದುಕೊಂಡೆವು. ಏಲಕ್ಕಿ ಕೊಳ್ಳುವಾಗ ಒಂದನ್ನು ಬಿಡಿಸಿ ಮೂಸಿ ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ಆಜಾದ್ ಪಾರ್ಕ್ ಹತ್ತಿರ ಸ್ವಲ್ಪ ಕೂತು ಸುಧಾರಿಸಿಕೊಂಡೆವು.

ಕಾಫಿ ಮಂಡಳಿಯ 'ಕಾಫಿ ಯಾತ್ರಾ' ಸಂಗ್ರಹಾಲಯ ಪೇಟೆಯ ನಡುವೆ ಇಲ್ಲ, ಆಟೋ ಬೇಕು. ಅದು ಸರ್ಕಾರಿ ಜಾಗ, ಅದಕ್ಕೇ ನಾವು ವಾರದ ನಡುವಿನ ದಿನ ಆರಿಸಿಕೊಂಡಿದ್ದೆವು. ನೀವೂ ತೆರೆದಿರುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ಗಿಡದ ಹಣ್ಣು ಲೋಟದ ಕಾಫಿ ಆಗುವ ತನಕದ ದಾರಿಯನ್ನು ಅಲ್ಲಿ ಹಂತ ಹಂತವಾಗಿ ತೋರಿಸುತ್ತಾರೆ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ನೆಟ್ಟರು ಅನ್ನುವ ಕತೆ ಶಾಲೆಯಿಂದಲೂ ಕೇಳಿದ್ದೇ. ಆದರೆ ಪುಡಿ ಅಂಗಡಿಯಲ್ಲಿ ನಿಂತು, ಬೀಜ ಮುಟ್ಟಿ, ಆಮೇಲೆ ಇಲ್ಲಿಗೆ ಬಂದರೆ ಪ್ರತಿ ಯಂತ್ರವೂ ಬೇರೆ ಥರ ಕಾಣುತ್ತದೆ. ಬಾಳೆಹೊನ್ನೂರಿನ ಹತ್ತಿರ 1925ರಲ್ಲೇ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದೆ. ನಾವು ದಿನಾ ಕುಡಿಯುವ ಲೋಟದ ಹಿಂದೆ ಎಷ್ಟು ಜನರ ಕೆಲಸ ಇದೆ, ಅಲ್ವಾ? ಅದಕ್ಕೇ ಅಂಗಡಿ ಮೊದಲು, ಸಂಗ್ರಹಾಲಯ ಆಮೇಲೆ ಅನ್ನುತ್ತೇನೆ.

ಸಂಜೆ ರತ್ನಗಿರಿ ಬೋರೆ. ಊರಿಗೇ ಅಂಟಿಕೊಂಡ ಗುಡ್ಡ, ಮೇಲೆ ಉದ್ಯಾನ. ಎದುರಿಗೆ ಚಂದ್ರದ್ರೋಣ ಪರ್ವತದ ಸಾಲು ಬಾಗಿಕೊಂಡು ನಿಂತಿರುತ್ತದೆ. ಅಮ್ಮ ಬೆಂಚಿನ ಮೇಲೆ ಕೂತೇ ಮುಳ್ಳಯ್ಯನಗಿರಿ ನೋಡಿದರು. ಮೋಡ ಸರಿದಾಗ ತುದಿ ಕಂಡಿತು, ಮತ್ತೆ ಮುಚ್ಚಿತು. ಮಳೆಗಾಲದಲ್ಲಿ ಹೋದರೆ ಇಷ್ಟೂ ಕಾಣಿಸುವುದು ಕಷ್ಟ. ಕೊಡೆಯಂತೂ ಯಾವಾಗಲೂ ಇರಲಿ.

ವಾಪಸ್ ಬಸ್ಸಿನಲ್ಲಿ ಪುಡಿಯ ಚೀಲ ಅಮ್ಮನ ಮಡಿಲಲ್ಲಿತ್ತು, ಬಾಯಿ ಇನ್ನೂ ಸ್ವಲ್ಪ ತೆರೆದೇ ಇತ್ತು. ಬೇಲೂರು ದಾಟಿದ ಮೇಲೆ ಒಂದು ವಿಷಯ ಹೇಳಿದರು. ಹೂಮಳೆ ಬಿದ್ದು ಕಾಫಿ ಹೂ ಅರಳಿದ ದಿನ ಫೋನ್ ಮಾಡಿ ಅಂತ ಅಂಗಡಿಯವರಿಗೆ ನನ್ನ ನಂಬರ್ ಕೊಟ್ಟು ಬಂದಿದ್ದಾರಂತೆ.