ಮಳೆ ನಕ್ಷತ್ರ ನೋಡಿ ಪ್ರದರ್ಶನ ಹೂಡುವುದು

ಮಲೆನಾಡಿನ ತಾಲ್ಲೂಕು ಪಟ್ಟಣವೊಂದರ ಸಣ್ಣ ಸ್ಥಳೀಯ ಇತಿಹಾಸ ಸಂಗ್ರಹಾಲಯ ನಮ್ಮದು. ವರ್ಷದ ಕಾರ್ಯಕ್ರಮ ಗೊತ್ತುಮಾಡಲು ಕೂತಾಗ ಮೊದಲು ತೆರೆಯುವುದು ಪಂಚಾಂಗ, ರಜಾಪಟ್ಟಿ ಆಮೇಲೆ. ಮೃಗಶಿರ ಮಳೆ ಹುಟ್ಟುವುದು ಜೂನ್ 8ರ ಹೊತ್ತಿಗೆ, ಆರಿದ್ರಾ 22ರ ಸುಮಾರಿಗೆ. ಒಂದೊಂದು ನಕ್ಷತ್ರಕ್ಕೆ 13–14 ದಿನ. ಅಲ್ಲಿಂದ ಮಘೆ ಮಳೆ ಮುಗಿಯುವ ಆಗಸ್ಟ್ ಕೊನೆಯವರೆಗೆ ನಮ್ಮ ಕೋಣೆಗಳ ತೇವಾಂಶ ಹೆಚ್ಚಿನ ದಿನ ಶೇ. 85ರ ಮೇಲೆಯೇ ನಿಂತಿರುತ್ತದೆ. ಶೇ. 65 ದಾಟಿ ಕೆಲವು ದಿನ ಹಾಗೇ ಉಳಿದರೆ ಸಾಕು, ಬಟ್ಟೆ, ಕಾಗದ, ಚರ್ಮದ ಮೇಲೆ ಬೂಷ್ಟು ಏಳುತ್ತದೆ. ಹಾಗಾಗಿ ಪ್ರದರ್ಶನದ ವಿಷಯ ಯಾವುದು ಎಂಬ ಪ್ರಶ್ನೆ ನಮಗೆ ಮೂರನೆಯದು. ಈ ತಿಂಗಳಲ್ಲಿ ಯಾವ ವಸ್ತು ಪೆಟ್ಟಿಗೆ ಬಿಟ್ಟು ಹೊರಬರಬಹುದು ಎಂಬುದು ಮೊದಲನೆಯದು. ಊರವರಿಗೆ ಆಗ ಬಿಡುವಿದೆಯೇ ಎಂಬುದು ಎರಡನೆಯದು.

ಬಿಡುವಿನ ಲೆಕ್ಕ ತಪ್ಪಿದರೆ ಎಷ್ಟು ಚೆಂದದ ಪ್ರದರ್ಶನವೂ ಖಾಲಿ ಹೊಡೆಯುತ್ತದೆ. ಜುಲೈನಲ್ಲಿ ನಾಟಿ, ನವೆಂಬರಿನಿಂದ ಜನವರಿವರೆಗೆ ಅಡಿಕೆ ಕೊಯ್ಲು. ಕೊಯ್ಲಿನ ಕಾಲದಲ್ಲಿ ಹಳ್ಳಿಯವರಿಗಾಗಿ ಭಾನುವಾರ ಏನನ್ನೂ ಇಟ್ಟುಕೊಳ್ಳಬಾರದು, ಸಂತೆ ದಿನ ಇಟ್ಟುಕೊಳ್ಳಬೇಕು. ಸಂತೆಗೆ ಬಂದವರು ಹನ್ನೊಂದರ ಮೇಲೆ ಒಳಗೆ ಬರುತ್ತಾರೆ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾರೆ. ಭಾಷಣವಿದ್ದರೆ ಅಷ್ಟರೊಳಗೆ ಮುಗಿಯಬೇಕು. ಚೀಲ ಇಡಲು ಬಾಗಿಲ ಬಳಿ ಒಂದು ಬೆಂಚು ಹಾಕಿ. ತರಕಾರಿ ಚೀಲ ಹೊತ್ತು ಯಾರೂ ಗಾಜಿನ ಕಪಾಟುಗಳ ಮುಂದೆ ನಿಲ್ಲುವುದಿಲ್ಲ.

ಮಳೆಗಾಲದಲ್ಲಿ ಕಲ್ಲು, ಮಣ್ಣಿನ ಪಾತ್ರೆ, ಮರದ ಉಪಕರಣ, ಮಳೆಗೆಂದೇ ಮಾಡಿದ ಸಾಮಾನು, ಇಷ್ಟನ್ನೇ ಹೊರಗಿಡುತ್ತೇವೆ: ಗೊರಬು, ಕಂಬಳಿ ಕೊಪ್ಪೆ, ನೇಗಿಲು, ಹಲುಬೆ, ಲಾಂದ್ರ. ಗೊರಬೆಂದರೆ ಬಿದಿರ ಸಲಕೆಗಳ ನಡುವೆ ಎಲೆ ಹಾಸಿ ಹೆಣೆದ, ಬಗ್ಗಿದ ಬೆನ್ನಿನ ಮೇಲೆ ಕೂರುವ ಮಳೆಗವಚ. ಪ್ಲಾಸ್ಟಿಕ್ ಕೊಪ್ಪೆ ಬಂದಮೇಲೆ ಅದು ಅಟ್ಟ ಸೇರಿತು, ಅಟ್ಟದಿಂದ ನಮ್ಮಲ್ಲಿಗೆ ಬರುವಾಗ ಕುಟ್ಟೆ ಹುಳವನ್ನು ಜೊತೆಗೇ ತರುತ್ತದೆ. ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳ ಇನ್ನೂ ಜೀವಂತವಿದೆ ಎಂದರ್ಥ. ಅಂಥದ್ದನ್ನು ನೇರ ಗ್ಯಾಲರಿಗೆ ಒಯ್ದರೆ ಪಕ್ಕದ ಮರದ ಸಾಮಾನಿಗೂ ಹತ್ತುತ್ತದೆ. ನಾವು ಔಷಧ ಹೊಡೆಯುವುದಿಲ್ಲ, ತಣ್ಣಗೆ ಮಾಡುತ್ತೇವೆ. ವಸ್ತುವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲದೊಳಗಿಟ್ಟು, ಆದಷ್ಟೂ ಗಾಳಿ ಹಿಂಡಿ, ಟೇಪಿನಿಂದ ಬಿಗಿದು ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಬೇಕು. ಹೊರತೆಗೆದ ಕೂಡಲೇ ಚೀಲ ಬಿಚ್ಚುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಬಿಚ್ಚಿದರೆ ಹೊರಗಿನ ತೇವವೆಲ್ಲ ತಣ್ಣನೆಯ ಬಿದಿರಿನ ಮೇಲೆ ನೀರಾಗಿ ಕೂರುತ್ತದೆ. 24 ಗಂಟೆ ಮುಚ್ಚಿದ ಚೀಲದಲ್ಲೇ ಬಿಟ್ಟರೆ ಆ ನೀರು ಚೀಲದ ಹೊರಮೈಮೇಲೆ ಇಳಿದು ಹೋಗುತ್ತದೆ. ಬಣ್ಣ ಬಳಿದ ಮರಕ್ಕೆ, ಹಳೇ ಗಾಜಿನ ಫೋಟೊ ಫಲಕಕ್ಕೆ ಈ ವಿಧಾನ ಬೇಡ.

ಮಳೆಗಾಲದಲ್ಲಿ ಗಾಳಿಯಾಡಲಿ ಎಂದು ಕಿಟಕಿ ತೆರೆದಿಟ್ಟರೆ ಹೊರಗಿನ ತೇವ ಒಳಗೆ ಬರುತ್ತದೆ. ಕಿಟಕಿ ಮುಚ್ಚಿ, ಒಳಗೆ ಫ್ಯಾನು ತಿರುಗಿಸಿ, ಕಪಾಟುಗಳನ್ನು ಗೋಡೆಯಿಂದ ಮೂರಿಂಚು ಮುಂದೆ ಸರಿಸಿ. ಕಚೇರಿ ವೇಳೆಗೆ ಮಾತ್ರ ಎಸಿ ಹಾಕಿ ರಾತ್ರಿ ಆರಿಸುವುದಂತೂ ಏನೂ ಹಾಕದಿರುವುದಕ್ಕಿಂತ ಕೆಟ್ಟದ್ದು. ದಿನಕ್ಕೊಮ್ಮೆ ಹಿಗ್ಗಿ ಕುಗ್ಗಿದ ಮರ ಸೀಳುತ್ತದೆ. ತೇವಾಂಶ ಅಳೆಯುವ ಹೈಗ್ರೋಮೀಟರ್ ಅಗ್ಗದ್ದಾದರೂ ನಡೆಯುತ್ತದೆ, ಆದರೆ ಪರೀಕ್ಷಿಸದೆ ನಂಬಬೇಡಿ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬೆರೆಸಿ, ಮೀಟರಿನ ಜೊತೆ ಬಿಗಿಯಾದ ಚೀಲದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅದು ಶೇ. 75 ತೋರಿಸಬೇಕು. 70 ತೋರಿಸಿದರೆ ಅದರ ಬೆನ್ನಿಗೆ ‘+5’ ಎಂದು ಬರೆದಿಟ್ಟುಕೊಳ್ಳಿ.

ಈ ಕಾಲದಲ್ಲಿ ಜನರನ್ನು ಒಳಗೆ ಕರೆತರುವುದು ಬಾಗಿಲಲ್ಲಿಟ್ಟ ಮಳೆ ಹಲಗೆ. ಅಂಗಳದಲ್ಲಿ ಮಳೆಮಾಪಕ ಇಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ದೇಶದ ಹವಾಮಾನ ಕೇಂದ್ರಗಳು ಅಳೆಯುವುದೂ ಅದೇ ಹೊತ್ತಿಗೆ, ಹಾಗಾಗಿ ಪತ್ರಿಕೆಯ ಅಂಕಿಯೊಂದಿಗೆ ಹೋಲಿಸಬಹುದು. ಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರಲಿ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿರಲಿ. ಅಡಿಕೆ ತೋಟದ ಅನೇಕ ಮನೆಗಳಲ್ಲಿ ಮಳೆ ಬರೆದಿಡುವ ರೂಢಿ ಉಂಟು. ಹಲಗೆ ನೋಡಿದವರು ‘ನಮ್ಮಲ್ಲಿ ಇಷ್ಟಾಗಲಿಲ್ಲ’ ಎನ್ನುತ್ತಾ ಒಳಗೆ ಬರುತ್ತಾರೆ, ಮಾತು ಅಜ್ಜನ ಕಾಲದ ಮಳೆ ಪುಸ್ತಕಕ್ಕೆ ಹೋಗುತ್ತದೆ. ಆ ಪುಸ್ತಕಗಳು ಈ ಸೀಮೆಯ ಅಪ್ಪಟ ಇತಿಹಾಸ ಸಾಮಗ್ರಿ ಎಂದು ನನ್ನ ದೃಢ ಅಭಿಪ್ರಾಯ. ಅವನ್ನು ಕೇಳಿ ಇಟ್ಟುಕೊಳ್ಳಬೇಡಿ; ಮನೆಗೇ ಹೋಗಿ ಪುಟಪುಟವೂ ಫೋಟೊ ತೆಗೆದು, ಒಂದು ಪ್ರತಿ ಮನೆಯವರಿಗೂ ಕೊಟ್ಟು ಬನ್ನಿ. ಹಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿರುತ್ತದೆ: ನೂರು ಸೆಂಟಿಗೆ ಒಂದಿಂಚು, ಒಂದಿಂಚಿಗೆ 25.4 ಮಿಲಿಮೀಟರ್. ಪರಿವರ್ತಿಸಿದ್ದನ್ನು ಪ್ರತ್ಯೇಕ ಅಂಕಣದಲ್ಲಿ ಬರೆಯಿರಿ, ಮೂಲ ಅಂಕಿಯನ್ನು ತಿದ್ದಬೇಡಿ. ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ, ಒಂದೊಂದು ನಕ್ಷತ್ರದ ಹೆಸರಿನ ಕೆಳಗೆ ಜಾಗ ಬಿಟ್ಟರೆ ಗಾದೆಗಳು ತಾವಾಗಿ ತುಂಬಿಕೊಳ್ಳುತ್ತವೆ. ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಒಂದೊಂದು ಹಳ್ಳಿಯ ಪಾಠಾಂತರ ಸಿಗುವುದು ಈ ಹಾಳೆಯಲ್ಲಿ.

ನವರಾತ್ರಿಯ ಗೊಂಬೆ ಪ್ರದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮನೆಗಳಲ್ಲಿ ಗೊತ್ತಿರುವುದೇ ಹೆಚ್ಚು. ಹಸ್ತ, ಚಿತ್ತ ಮಳೆಗಳ ಹೊತ್ತಿಗೆ ಇನ್ನೂ ತೇವವಿರುತ್ತದೆ, ಆದ್ದರಿಂದ ಕಾಗದದ ತಿರುಳಿನ ಗೊಂಬೆಗಳನ್ನು ಮೇಲಿನ ಮೆಟ್ಟಿಲಿಗೆ ಇಡುತ್ತೇವೆ, ನೆಲದ ಹತ್ತಿರ ಬೇಡ. ಮೆಟ್ಟಿಲಿಗೆ ತೂತಿನ ಕಬ್ಬಿಣದ ಆಂಗಲ್, 18 ಮಿಲಿಮೀಟರ್ ಪ್ಲೈವುಡ್. ಎಣ್ಣೆ ದೀಪ ಗೊಂಬೆಗಳಿಂದ ಎರಡು ಮೀಟರ್ ದೂರ, ಮರಳು ತುಂಬಿದ ಹಿತ್ತಾಳೆ ತಟ್ಟೆಯೊಳಗೆ.

ನವೆಂಬರ್ 1ರ ರಾಜ್ಯೋತ್ಸವ ಸ್ವಾತಿ ಮಳೆಯಲ್ಲಿ ಬರುತ್ತದೆ, 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಈ ತಿಂಗಳನ್ನು ಶಾಸನಗಳಿಗೆ, ವೀರಗಲ್ಲು ಮಾಸ್ತಿಕಲ್ಲುಗಳಿಗೆ ಮೀಸಲಿಟ್ಟಿದ್ದೇವೆ. ಕಲ್ಲುಗಳು ಊರಲ್ಲೇ ಇರಲಿ, ನಾವು ಅಲ್ಲಿಗೆ ಹೋಗೋಣ ಎಂಬುದು ನಿಯಮ. ಹೋಗುವ ಮುಂಚೆ ಶಾಲಾ ಮಕ್ಕಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳಲ್ಲಿ ತಮ್ಮೂರನ್ನು ಹುಡುಕುತ್ತಾರೆ. ಬಿ.ಎಲ್. ರೈಸ್ ಅವರ ಮೂಲ ಆವೃತ್ತಿಯಲ್ಲಿ ಶಿವಮೊಗ್ಗ ಜಿಲ್ಲೆಯವು 7 ಮತ್ತು 8ನೇ ಸಂಪುಟಗಳು. ತಮ್ಮ ಊರಿನ ಹೆಸರು ಅಲ್ಲಿ ಕಂಡ ಮಗು ಮರುದಿನ ಮನೆಯವರನ್ನೂ ಕಲ್ಲಿನ ಹತ್ತಿರ ಕರೆತರುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಲು ಮೊದಲೇ ಕಲಿಸಿರಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವಸನ್ನಿಧಿಯಲ್ಲಿ. ಮಾಸ್ತಿಕಲ್ಲಿನ ಗುರುತು ಬಳೆ ತೊಟ್ಟು ಎತ್ತಿದ ತೋಳು.

ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣ, ರಂಗೋಲಿ ಪುಡಿ, ಎಣ್ಣೆ ಏನನ್ನೂ ಹಚ್ಚಕೂಡದು. ತಂತಿ ಬ್ರಷ್ ಮುಟ್ಟಿಸಲೇಕೂಡದು. ಮೃದು ಬ್ರಷ್ ಮತ್ತು ಬರಿ ನೀರು ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ಒರಗಿಸಿದಂತೆ, 10–20 ಡಿಗ್ರಿ ಓರೆಯಲ್ಲಿ ಹಿಡಿದರೆ ಹಗಲಲ್ಲಿ ಕಾಣದ ಸಾಲುಗಳು ಎದ್ದು ನಿಲ್ಲುತ್ತವೆ. ಬೆಳಕನ್ನು ಎಡದಿಂದ, ಬಲದಿಂದ, ಮೇಲಿನಿಂದ ಬೀರಿ, ಕ್ಯಾಮೆರಾ ಕದಲಿಸದೆ ಮೂರು ಫೋಟೊ ತೆಗೆಯಿರಿ. ಕಾಗದದ ಪಡಿಯಚ್ಚು ತೆಗೆಯುವುದನ್ನು ಸಂಗ್ರಹಾಲಯದ ಅಂಗಳದಲ್ಲಿ, ಕೆತ್ತಿಸಿಟ್ಟ ಅಭ್ಯಾಸದ ಕಲ್ಲಿನ ಮೇಲೆ ಮಾತ್ರ ಕಲಿಸುತ್ತೇವೆ. ಸಂರಕ್ಷಿತ ಸ್ಮಾರಕದ ಕಲ್ಲಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ತೋಯಿಸಿದ ಕೈಕಾಗದವನ್ನು ತೊಳೆದ ಕಲ್ಲಿಗೆ ಹಾಸಿ, ಒಳಗಿನ ಗಾಳಿಗುಳ್ಳೆ ಹೊರಗೆ ಹೋಗುವಂತೆ ನಡುವಿನಿಂದ ಅಂಚಿಗೆ ಬ್ರಷ್ಷಿನಿಂದ ಬಡಿಯಬೇಕು, ಕಾಗದ ಅಕ್ಷರದ ಗುಳಿಯೊಳಗೆ ಇಳಿಯುವ ತನಕ. ಮಸಿ ಹಚ್ಚಲು ಆತುರ ಬೇಡ. ಕಾಗದ ತೀರಾ ಹಸಿಯಿದ್ದರೆ ಮಸಿ ಹರಡಿ ಕಲ್ಲಿಗೂ ಇಳಿಯುತ್ತದೆ, ಪೂರ್ತಿ ಒಣಗಿದರೆ ಕಲ್ಲು ಬಿಟ್ಟು ಏಳುತ್ತದೆ. ಬೆರಳಿಟ್ಟರೆ ತಣ್ಣಗಿದ್ದು ನೀರು ಅಂಟದಿದ್ದರೆ ಅದೇ ಹದ. ನವೆಂಬರಿನ ಬಿಸಿಲಿಗೆ ಈ ಹದ ಬಹಳ ಹೊತ್ತು ನಿಲ್ಲುವುದಿಲ್ಲ, ನೆರಳಿನಲ್ಲಿ ಮಾಡಿ.

ಸಂಕ್ರಾಂತಿಯ ಆಸುಪಾಸು ಅಳತೆಗಳ ದಿನ. ಮನೆಮನೆಯ ಕೊಳಗ, ಸೇರು, ಪಾವು, ಚಟಾಕು ತರಲು ಹೇಳಿ, ಒಣ ಭತ್ತ ಸುರಿದು ಲೀಟರಿನ ಲೆಕ್ಕಕ್ಕೆ ತರುತ್ತೇವೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬುದು ಎಲ್ಲರ ಬಾಯಲ್ಲೂ ಇದ್ದರೂ, ಆ ಕೊಳಗವೇ ಊರಿಂದೂರಿಗೆ ಬೇರೆ ಎಂಬುದು ಪಾತ್ರೆಗಳನ್ನು ಸಾಲಾಗಿ ಇಟ್ಟಾಗ ಕಣ್ಣಿಗೇ ಕಾಣುತ್ತದೆ. ಗೋಪುರ ಕಟ್ಟಿ ಅಳೆದದ್ದೋ, ತಲೆ ಗೀಚಿ ಅಳೆದದ್ದೋ ಎಂದು ಮೊದಲೇ ತೀರ್ಮಾನಿಸದಿದ್ದರೆ ಲೆಕ್ಕ ಹಾಳು. ನಾವು ಎರಡನ್ನೂ ಮೂರು ಮೂರು ಸಲ ಅಳೆದು ಸರಾಸರಿ ಬರೆಯುತ್ತೇವೆ. ಪಕ್ಕದಲ್ಲಿ ಹಳೆ ನಾಣ್ಯದ ಕಪಾಟು: ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ ಇದ್ದದ್ದು 1957ರ ಏಪ್ರಿಲ್ 1ರಿಂದ ನೂರು ನಯಾಪೈಸೆಯಾಯಿತು ಎಂಬ ಒಂದೇ ಫಲಕ ಸಾಕು.

ಓಲೆಗರಿ, ಕಡತ, ಸೀರೆ, ಫೋಟೊ ಹೊರಬರುವುದು ಮಾರ್ಚಿನಿಂದ ಮೇ 18ರ ವಸ್ತುಸಂಗ್ರಹಾಲಯ ದಿನದವರೆಗೆ ಮಾತ್ರ. ಬೆಳಕು 50 ಲಕ್ಸ್ ಮೀರಬಾರದು. ಮೊಬೈಲ್ ಆ್ಯಪ್ ನಂಬದೆ ಲಕ್ಸ್ ಮೀಟರನ್ನೇ ಕೊಳ್ಳಿ. 50 ಲಕ್ಸಿನಲ್ಲಿ ದಿನಕ್ಕೆ 8 ಗಂಟೆಯಂತೆ 30 ದಿನವೆಂದರೆ 12,000 ಲಕ್ಸ್-ಗಂಟೆ. ಸಹಜ ಬಣ್ಣದ ರೇಷ್ಮೆ, ಕೈಬಣ್ಣದ ಫೋಟೊಗಳಿಗೆ ವರ್ಷಕ್ಕೆ ಒಪ್ಪಿದ ಮಿತಿಯೇ 15,000. ಅಂದರೆ ಒಂದು ತಿಂಗಳ ಪ್ರದರ್ಶನ ಮುಗಿದರೆ ಆ ಸೀರೆಗೆ ಆ ವರ್ಷದ ಪಾಲು ಮುಗಿದಂತೆ. ಗಣ್ಯರು ಬಂದರೆಂದು ಮತ್ತೆ ತೆಗೆಯುವಂತಿಲ್ಲ. ಓಲೆಗರಿಯ ಅಕ್ಷರಕ್ಕೆ ತುಂಬಿರುವುದು ದೀಪದ ಕಾಡಿಗೆ, ಅದು ಬೆಳಕಿಗೆ ಮಾಸುವುದಿಲ್ಲ; ಗರಿ ಮಾತ್ರ ಒಣಗಿ ಸೀಳುತ್ತದೆ. ಕೊರೆದು ಬರೆದ ಗರಿಯನ್ನು ಹತ್ತಿಗೆ ಒಂದೆರಡು ಹನಿ ಸಿಟ್ರೊನೆಲ್ಲಾ ಎಣ್ಣೆ ಹಾಕಿ ಉದ್ದಕ್ಕೆ ಒರೆಸಬಹುದು. ಮಸಿಯಲ್ಲಿ ಬರೆದ ಅಥವಾ ಬಣ್ಣದ ಚಿತ್ರವಿರುವ ಗರಿಗೆ ಎಣ್ಣೆ ಸೋಕಿಸಬೇಡಿ. ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಕಡತವಂತೂ ಬೆರಳು ಸೋಕಿದರೂ ಅಳಿಸಿಹೋಗುತ್ತದೆ. ಮಡಿಕೆ ಬಿಡಿಸುವುದು ಒಬ್ಬರೇ, ಪ್ರತಿ ಸಲ ಅವರೇ.

ಕಪಾಟಿನೊಳಗಿನ ತೇವಕ್ಕೆ ಸಿಲಿಕಾ ಜೆಲ್: ಘನ ಮೀಟರಿಗೆ 20 ಕಿಲೋ ಲೆಕ್ಕ. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆಗೆ ನಾಲ್ಕೂವರೆ ಕಿಲೋ. ಪುಟ್ಟ ಪೊಟ್ಟಣ ಎರಡು ಎಸೆದರೆ ಏನೂ ಆಗದು. ನೀಲಿ ಬಣ್ಣದ್ದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಕಿತ್ತಳೆಯದನ್ನು ತನ್ನಿ. ನೀರು ಹೀರಿ ಹಸಿರಾದಾಗ ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು-ಮೂರು ಗಂಟೆ ಕಾಯಿಸಿ. ಹೊಸದಾಗಿ ಕಾಯಿಸಿದ್ದನ್ನು ಓಲೆಗರಿ ಜೊತೆ ಹಾಗೇ ಇಟ್ಟರೆ ಶೇ. 40ಕ್ಕಿಂತ ಕೆಳಗಿಳಿದು ಗರಿ ಮುರಿಯುತ್ತದೆ. ಮೀಟರು 45–55ರ ನಡುವೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪ ತೆಗೆಯಿರಿ. ಹೊಸ ಪ್ಲೈವುಡ್, ಹೊಸ ಬಣ್ಣದ ಕಪಾಟನ್ನು ಎರಡು ವಾರವಾದರೂ ತೆರೆದಿಟ್ಟು ಆಮೇಲೆ ಬಳಸಿ. ಅದರಿಂದ ಹೊರಬರುವ ಆಮ್ಲದ ಆವಿ ಸೀಸದ ವಸ್ತುವನ್ನು ತಿನ್ನುತ್ತದೆ.

ಫಲಕಗಳ ವಿಷಯದಲ್ಲಿ ತೊಂದರೆಯಾಗುವುದು ಮುದ್ರಣದಂಗಡಿಯಲ್ಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಆಸ್ಕಿ ಅಕ್ಷರದಲ್ಲಿ ಟೈಪಿಸಿ ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ಮೊದಲಿಂದಲೂ ಯೂನಿಕೋಡಿನಲ್ಲೇ ಬರೆದು ಪಿಡಿಎಫ್ ಕೊಡಿ, ಒಂದು ಹಾಳೆ ಅಚ್ಚುಹಾಕಿಸಿ ಓದಿದ ಮೇಲೆ ಉಳಿದದ್ದು. 24 ಪಾಯಿಂಟಿಗಿಂತ ಸಣ್ಣ ಅಕ್ಷರ ಹಿರಿಯರಿಗೆ ಓದಲಾಗದು, 40 ಪದ ಮೀರಿದರೆ ಯಾರೂ ಓದರು. ಪ್ರತಿ ಫಲಕದ ಕೆಳಗೆ ಖಾಲಿ ಚೀಟಿ ಮತ್ತು ಪೆನ್ಸಿಲ್ ಇರಲಿ: ‘ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ?’ ಒರಳು, ಒಳಕಲ್ಲು, ಚನ್ನೆಮಣೆ, ಅಳಗುಳಿಮಣೆ, ಹೀಗೆ ಬಂದ ಹೆಸರುಗಳೇ ಮುಂದಿನ ವರ್ಷದ ಫಲಕಕ್ಕೆ ಏರುತ್ತವೆ. ಪೆನ್ನು ಬೇಡ, ಮಸಿ ಚೆಲ್ಲಿದರೆ ಹೋಗುವುದಿಲ್ಲ.

ಜನ ವಸ್ತು ಕೊಡಲು ಹಿಂಜರಿಯುವುದು ಸರ್ಕಾರ ಒಯ್ದುಬಿಟ್ಟೀತು ಎಂಬ ಭಯಕ್ಕೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪ್ರಾಚ್ಯವಸ್ತು ಎನಿಸುತ್ತವೆ. ಶಿಲ್ಪ, ಚಿತ್ರದಂಥ ನಿಗದಿತ ವರ್ಗಗಳಿಗೆ ನೋಂದಣಿ ಬೇಕು, ಆದರೆ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ. ಇದನ್ನು ಕೇಳುವ ಮೊದಲೇ ಹೇಳಿ. ತರುವ ಮುನ್ನ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ ಎಂದೂ ಹೇಳಿ. ಹಿತ್ತಾಳೆ ಚೊಂಬಿನ ಮೇಲೆ ಕೊರೆದ ಹೆಸರು, ಊರು ಹಾಗೆ ತೊಳೆದು ಹೋಗುತ್ತವೆ. ರಸೀತಿ ಎರಡು ಪ್ರತಿ, ನಾಲ್ಕು ಬದಿಯ ಫೋಟೊ, ಇರುವ ಬಿರುಕು-ಮುಕ್ಕುಗಳ ವಿವರ, ಹಿಂದಿರುಗಿಸುವ ತಾರೀಕು. ಎರವಲು ವಸ್ತುವಿಗೆ ಹತ್ತಿ ದಾರದಲ್ಲಿ ಕಟ್ಟಿದ ಚೀಟಿ ಮಾತ್ರ. ಸೆಲೋಟೇಪ್ ಎಂದಿಗೂ ಬೇಡ. ನಮ್ಮದೇ ಆದ ಲೋಹ, ಕಲ್ಲು, ಮರದ ಮೇಲೆ ಅಸಿಟೋನಿನಲ್ಲಿ ಶೇ. 20ರಂತೆ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ಒಂದು ಪದರ, ಅದು ಒಣಗಿದ ಮೇಲೆ ಸಂಖ್ಯೆ, ಅದರ ಮೇಲೆ ಇನ್ನೊಂದು ಪದರ.

ಪ್ರದರ್ಶನ ಮುಗಿದ ಏಳು ದಿನದೊಳಗೆ ವಸ್ತುವನ್ನು ಮನೆಬಾಗಿಲಿಗೇ ಒಯ್ದು, ಮೊದಲಿನ ಫೋಟೊ ಪಕ್ಕದಲ್ಲಿಟ್ಟು ತೋರಿಸಿ, ರಸೀತಿಯ ಎರಡೂ ಪ್ರತಿಗೆ ಸಹಿ ಪಡೆಯುತ್ತೇವೆ. ಬಂದು ಒಯ್ಯಿರಿ ಎಂದು ಫೋನು ಮಾಡಿದ ಮನೆಯಿಂದ ಮರುವರ್ಷ ಗೊರಬು ಬರುವುದಿಲ್ಲ.