ಸಂಬಳದ ಚೀಟಿ ಇಲ್ಲದ ಬಾಡಿಗೆದಾರ: ಇಂಗ್ಲೆಂಡಿನಲ್ಲಿ ಮನೆ ಕೊಡುವ ಮುನ್ನ

ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಬಿಡುವ ನಮ್ಮವರು ಸ್ವಂತ ಕಸುಬಿನವರು ಬಂದರೆ ಹಿಂಜರಿಯುತ್ತಾರೆ. ವಿಡಿಯೊ ಸಂಕಲನಕಾರನಿಗೆ ಒಂದು ತಿಂಗಳು ಕೈತುಂಬ ಹಣ, ಮರು ತಿಂಗಳು ಏನೂ ಇಲ್ಲ. ಇಂಥವರ ಆದಾಯವನ್ನು ವರ್ಷದ ಲೆಕ್ಕದಲ್ಲೇ ಅಳೆಯಬೇಕು. ಹಾಗೆ ಅಳೆದರೆ ಅನೇಕರು ಒಳ್ಳೆಯ ಬಾಡಿಗೆದಾರರೇ.

ಆರು ತಿಂಗಳ ಬಾಡಿಗೆ ಮುಂಗಡ ಪಡೆದು ನಿಶ್ಚಿಂತರಾಗುವ ಹಳೆಯ ರೂಢಿಗೆ 2026ರ ಮೇ 1ರಿಂದ ಅವಕಾಶವಿಲ್ಲ. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯ ಪ್ರಕಾರ ಕರಾರಿಗೆ ಸಹಿ ಬೀಳುವ ಮೊದಲು ಅವರಾಗಿಯೇ ಬಾಡಿಗೆ ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಸಹಿಯಾದ ಮೇಲೆ ಒಂದು ತಿಂಗಳದ್ದು ಮಾತ್ರ ಕೇಳಬಹುದು. ವಾರ್ಷಿಕ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಠೇವಣಿಯ ಮಿತಿ ಐದು ವಾರದ ಬಾಡಿಗೆ. ಅದನ್ನು 30 ದಿನದೊಳಗೆ ಮಾನ್ಯತೆ ಪಡೆದ ಠೇವಣಿ ರಕ್ಷಣಾ ಯೋಜನೆಗೆ ಒಳಪಡಿಸಬೇಕು.

ಹಾಗಾಗಿ ಕಾಗದಪತ್ರಗಳನ್ನು ಗಮನವಿಟ್ಟು ಓದುವುದೇ ದಾರಿ. ಕಳೆದ ಎರಡು ತೆರಿಗೆ ವರ್ಷಗಳ ಎಸ್‌ಎ302 (ತೆರಿಗೆ ಇಲಾಖೆಗೆ ಘೋಷಿಸಿದ ಆದಾಯ ಮತ್ತು ಅದರ ಮೇಲಿನ ತೆರಿಗೆಯ ಲೆಕ್ಕ ತೋರಿಸುವ ಪತ್ರ) ಮತ್ತು ಅದರ ಜೊತೆಗಿನ ತೆರಿಗೆ ವರ್ಷದ ಸಾರಾಂಶ ಕೇಳಿ. ಎರಡರಲ್ಲೂ ತೆರಿಗೆಯ ಮೊತ್ತ ತಾಳೆಯಾಗಬೇಕು. ವಹಿವಾಟಿನ ಮೊತ್ತಕ್ಕೆ ಮರುಳಾಗಬೇಡಿ, ಖರ್ಚು ಕಳೆದು ಉಳಿದ ಲಾಭ ನೋಡಿ. ತಿಂಗಳ ಬಾಡಿಗೆಯ 30 ಪಟ್ಟು ವಾರ್ಷಿಕ ಆದಾಯ ಇರಬೇಕೆಂಬುದು ಏಜೆಂಟರ ಸಾಮಾನ್ಯ ಅಳತೆ: 1,200 ಪೌಂಡಿನ ಮನೆಗೆ 36,000. ಸ್ವಂತ ಕಂಪನಿ ಇಟ್ಟುಕೊಂಡವರು ಸಂಬಳ ಕಡಿಮೆ ತೋರಿಸಿ ಲಾಭಾಂಶ ಪಡೆಯುವುದುಂಟು, ಎರಡನ್ನೂ ಕೂಡಿಸಿ.

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳುವುದು ಬ್ಯಾಂಕ್ ಪುಸ್ತಕದ ಖಾಲಿ ತಿಂಗಳುಗಳು. ಹಣ ಬಾರದ ಆ ತಿಂಗಳಲ್ಲೂ ಬಾಡಿಗೆ, ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ತೆರಿಗೆ ಹೊತ್ತಿಗೆ ಸರಿಯಾಗಿ ಹೋಗಿವೆಯೇ? ಸ್ವಂತ ಕಸುಬಿನವರು ಜನವರಿ 31ರೊಳಗೆ ಕಟ್ಟಬೇಕಾದ ಆದಾಯ ತೆರಿಗೆ ಕಟ್ಟಿದ ಮೇಲೂ ಖಾತೆಯಲ್ಲಿ ಒಂದಿಷ್ಟು ಉಳಿದಿದೆಯೇ? ಉಳಿದಿದ್ದರೆ ಆ ವ್ಯಕ್ತಿಗೆ ತನ್ನ ದುಡಿಮೆಯ ಏರಿಳಿತ ಗೊತ್ತಿದೆ, ಅದಕ್ಕೆ ತಕ್ಕಂತೆ ಎತ್ತಿಡುತ್ತಾನೆ.

ಲೆಕ್ಕ ಸ್ವಲ್ಪ ಕಡಿಮೆ ಬಿದ್ದರೆ ಜಾಮೀನುದಾರರನ್ನು ಕೇಳಬಹುದು. ಸರ್ಕಾರಿ ನೆರವು ಪಡೆಯುತ್ತಾರೆಂಬ ಒಂದೇ ಕಾರಣಕ್ಕೆ ಮಾತ್ರ ಯಾರನ್ನೂ ದೂರವಿಡಬೇಡಿ, ಅದು ಕಾನೂನಿಗೆ ವಿರುದ್ಧ. ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಪಡೆಯಲು ವಲಸೆ ಕಾನೂನಿನ ಪ್ರಕಾರ ಹಕ್ಕಿದೆಯೇ ಎಂಬ ತಪಾಸಣೆಯನ್ನೂ ಎಲ್ಲರಿಗೂ ಒಂದೇ ರೀತಿ ಮಾಡಿ.

ಈ ಶ್ರಮ ಮೊದಲೇ ಏಕೆಂದರೆ, ಬಾಕಿಯ ಕಾರಣಕ್ಕೆ ಮನೆ ಕಡ್ಡಾಯವಾಗಿ ಬಿಡಿಸಿಕೊಳ್ಳಲು ಈಗ ಮೂರು ತಿಂಗಳ ಬಾಡಿಗೆ ಬಾಕಿಯಿರಬೇಕು, ನಾಲ್ಕು ವಾರದ ನೋಟಿಸ್ ಕೊಡಬೇಕು. ಅದಾದ ಮೇಲೆ ನ್ಯಾಯಾಲಯ. ಇನ್ನು, ಬಾಡಿಗೆ ಅವಧಿ ಶುರುವಾದ ಮೇಲೆ, ದೊಡ್ಡ ಕೆಲಸದ ಹಣ ಬಂದಾಗ ಬಾಡಿಗೆದಾರರು ಸ್ವಇಚ್ಛೆಯಿಂದ ಮುಂದಿನ ತಿಂಗಳುಗಳದ್ದನ್ನು ಕಟ್ಟಿದರೆ ನೀವು ಪಡೆಯಬಹುದು. ಕರಾರಿನಲ್ಲಿ ಅದನ್ನು ಷರತ್ತಾಗಿ ಬರೆಯುವಂತಿಲ್ಲ ಅಷ್ಟೇ.